ಹಿಮ್ಮಡಿಯ ಉರಿ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ನರ್ಸ್ ಕೆಲಸಕ್ಕೆ ಸೇರಿ ಹದಿನೆಂಟು ವರ್ಷವಾಯಿತು. ಗಾಯವನ್ನು ಕಣ್ಣಾರೆ ಕಂಡು, ಕೈಯಿಂದ ಮುಟ್ಟಿದ ಮೇಲೆಯೇ ನಂಬುವವಳು. ಯಾರನ್ನೋ ನಂಬಿಸಲೆಂದು ಇದನ್ನು ಬರೆಯುತ್ತಿಲ್ಲ.

ನಾಲ್ಕು ವರ್ಷದ ಹಿಂದೆ, ಹಾಸಿಗೆ ಹಿಡಿದವರ ಮನೆಗೇ ಹೋಗಿ, ಮಲಗಿ ಮಲಗಿ ಆಗುವ ಹುಣ್ಣುಗಳಿಗೆ ಡ್ರೆಸಿಂಗ್ ಮಾಡುತ್ತಿದ್ದೆ. ಬೆಳಿಗ್ಗೆ ಇಂಡಿ ಪಟ್ಟಣದಲ್ಲಿ ಹಣಮಂತನ ಮನೆ, ಆಮೇಲೆ ಸ್ಕೂಟಿಯಲ್ಲಿ ತಾಂಬಾ ಹಳ್ಳಿ. ಹಣಮಂತ ಗಾರೆ ಕೆಲಸದ ಗೌಂಡಿ. ಕಟ್ಟಡದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು; ಸೊಂಟದ ಕೆಳಗೆ ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ತಾಂಬಾದಲ್ಲಿದ್ದವರು ನಿವೃತ್ತ ಶಿಕ್ಷಕಿ ಸುಶೀಲಾಬಾಯಿ. ಲಕ್ವಾ ಹೊಡೆದು ಅವರ ಮಾತು ನಿಂತುಹೋಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ. ಒಂದು ಮನೆಯ ಸುದ್ದಿಯನ್ನು ಇನ್ನೊಂದು ಮನೆಯಲ್ಲಿ ನಾನು ಆಡುವುದೂ ಇಲ್ಲ.

ಒಂದು ದಿನ ಹಣಮಂತ ಬಲಗಾಲಿನ ಹಿಮ್ಮಡಿ ಉರಿಯುತ್ತಿದೆ ಎಂದ. ಕಾಲಿಗೆ ಜೀವ ಬರುತ್ತಿದೆಯೇನೋ ಎಂದು ಅವನ ಹೆಂಡತಿ ಶಾಂತವ್ವ ಒಲೆ ಬಿಟ್ಟು ಓಡಿ ಬಂದಳು. ನನಗೂ ಆಸೆಯಾಯಿತು. ಕಣ್ಣು ಮುಚ್ಚಿಸಿ ಹಿಮ್ಮಡಿ ಒತ್ತಿದೆ, ಚಿವುಟಿದೆ. ಅವನಿಗೆ ಗೊತ್ತೇ ಆಗಲಿಲ್ಲ. ಚರ್ಮವೂ ಸ್ವಚ್ಛವಾಗಿತ್ತು. ಇಂಥ ರೋಗಿಗಳಿಗೆ ಇಲ್ಲದ ನೋವು ಕಾಡುವುದುಂಟು ಎಂದು ಸಮಾಧಾನ ಹೇಳಿದೆ.

"ಕಬ್ಬಿಣ ಒತ್ತಾಕತ್ತೈತ್ರಿ ಅಕ್ಕಾರ," ಎಂದ. ಅವನು ಮಲಗಿದ್ದು ಕಟ್ಟಿಗೆಯ ಮಂಚದ ಮೇಲೆ.

ತಾಂಬಾಕ್ಕೆ ಹೋಗಿ ಸುಶೀಲಾಬಾಯಿಯವರ ಹೊದಿಕೆ ಎತ್ತಿದೆ. ಬಲಗಾಲು ಜಾರಿ, ಹಿಮ್ಮಡಿ ಮಂಚದ ಕಬ್ಬಿಣದ ಪಟ್ಟಿಗೆ ಒತ್ತಿಕೊಂಡು ನೇರಳೆ ಬಣ್ಣಕ್ಕೆ ತಿರುಗಿತ್ತು. ಮೀನಖಂಡದ ಕೆಳಗೆ ದಿಂಬಿಟ್ಟು, ಹಿಮ್ಮಡಿ ಎಲ್ಲಿಗೂ ತಾಗದಂತೆ ಮಾಡಿದೆ. ಅವರು ನನ್ನನ್ನೇ ನೋಡುತ್ತಿದ್ದರು.

ಮರುದಿನ ಹಣಮಂತ ಉರಿ ಇಳಿದಿದೆ ಎಂದ. ಏನೋ ಕಾಕತಾಳೀಯ ಅಂದುಕೊಂಡೆ. ಆದರೆ ಅವನು ಎಡ ಸೊಂಟ ಎಂದ ದಿನ ತಾಂಬಾದಲ್ಲಿ ಎಡ ಸೊಂಟವೇ ಕೆಂಪೇರಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆಮೇಲಾಮೇಲೆ ಅವನನ್ನು ಕೇಳಿಕೊಂಡೇ ನಾನು ತಾಂಬಾಕ್ಕೆ ಹೊರಡುತ್ತಿದ್ದೆ.

ಒಂದೂವರೆ ತಿಂಗಳು ಹೀಗೇ ನಡೆಯಿತು. ಒಂದು ಸೋಮವಾರ ಅವನು ಬಹಳ ಶಾಂತವಾಗಿದ್ದ. ಇವತ್ತು ಎಲ್ಲಿ ಎಂದು ಕೇಳಿದೆ.

"ಎಲ್ಲೂ ಇಲ್ರಿ. ನಸುಕಿನ್ಯಾಗ ಎಲ್ಲಾ ತಣ್ಣಗಾತು."

ಅಂಗಳ ದಾಟಿ ಬೀದಿಗೆ ಹೋಗಿ ಫೋನ್ ಮಾಡಿದೆ. ಸುಶೀಲಾಬಾಯಿಯವರ ಮಗಳು ಎತ್ತಿದಳು. ಅವ್ವ ನಸುಕಿನಲ್ಲೇ ಹೋಗಿಬಿಟ್ಟರು ಎಂದಳು. ಒಳಗೆ ಬಂದು, ಕೈ ತೊಳೆದು, ಡ್ರೆಸಿಂಗ್ ಮುಗಿಸಿದೆ. ಹಣಮಂತ ಗೋಡೆಯತ್ತ ನೋಡುತ್ತಲೇ ಮೆಲ್ಲಗೆ ಕೇಳಿದ:

"ಅಕ್ಕಾರ, ಇಷ್ಟ ದಿನ ನಾ ಅನುಭವಿಸಿದ್ದು ಯಾರ ಕಾಲಿನ ಬ್ಯಾನಿರಿ?"

ನಾನು ಅವನ ಹೊದಿಕೆ ಸರಿಮಾಡಿ ಚೀಲ ಎತ್ತಿಕೊಂಡೆ. ಹೇಳಿದ್ದರೆ ಅವನಿಗೆ ನೆಮ್ಮದಿಯಾಗುತ್ತಿತ್ತೋ ದಿಗಿಲಾಗುತ್ತಿತ್ತೋ, ಈಗಲೂ ತಿಳಿಯದು. ಪರಿಚಯದ ಡಾಕ್ಟರೊಬ್ಬರ ಮುಂದೆ ಹೇಳಿಕೊಂಡೆ. ನನಗೆ ನಾಲ್ಕು ದಿನ ರಜೆ ತೆಗೆದುಕೊಳ್ಳಲು ಹೇಳಿದರು. ಹಣಮಂತನಿಗೆ ಮತ್ತೆ ಯಾವ ಉರಿಯೂ ಬರಲಿಲ್ಲ. ಮುಂದಿನ ವರ್ಷ ಅವನದೇ ಹುಣ್ಣು ಎಲುಬು ಮುಟ್ಟಿತು. ಅವನಿಗೆ ಅದರ ಸುಳಿವೂ ಇರಲಿಲ್ಲ.