ಕೊಲ್ಲದೆ ಬಿಟ್ಟ ಜೋಬ್

1991ರ ಮಾರ್ಚ್ 12, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಇಂಗ್ಲೆಂಡಿನ ಲಿಂಕನ್ ನಗರದ ದಾಖಲೆ ಕಚೇರಿಯಲ್ಲಿ ಮೇವಿಸ್ ಸಾರ್ಡಿಸನ್ ಮೈಕ್ರೋಫಿಲ್ಮ್ ಯಂತ್ರದ ಮುಂದೆ ಕುಳಿತು, ಹ್ಯಾಗ್‌ತೋರ್ಪ್ ಎಂಬ ಹಳ್ಳಿಯ ಚರ್ಚಿನಲ್ಲಿ ಮಣ್ಣು ಮಾಡಿದವರ ಹೆಸರುಗಳನ್ನು ಮೆಲುದನಿಯಲ್ಲಿ ಓದುತ್ತಿದ್ದಳು. ಪಕ್ಕದಲ್ಲಿ ರಾಲ್ಫ್ ಟನಾರ್ಡ್, ಹಿಂದಿನ ವರ್ಷ ಬೇರೆ ಇಬ್ಬರು ಇಳಿಸಿಕೊಂಡಿದ್ದ ಪ್ರತಿಯ ಮೇಲೆ ಪೆನ್ಸಿಲ್ ಹಿಡಿದು ಸಾಲು ಸಾಲಿಗೂ ಗುರುತು ಹಾಕುತ್ತಿದ್ದ. ಒಬ್ಬರು ಓದಬೇಕು, ಇನ್ನೊಬ್ಬರು ತಾಳೆ ನೋಡಬೇಕು. ನಮ್ಮ ವಂಶಚರಿತ್ರೆ ಸಂಘದ ಕೆಲಸ ನಡೆಯುವುದು ಹೀಗೆ. ಯಾವ ಹಳ್ಳಿ ಯಾರಿಗೆ ಎಂಬುದನ್ನು ಕಾರ್ಯದರ್ಶಿ ಚೀಟಿ ಎತ್ತಿ ಹಂಚುತ್ತಿದ್ದರು. ಮೇವಿಸ್‌ಗೆ ಆ ಸಲ ಬಂದದ್ದು ಹ್ಯಾಗ್‌ತೋರ್ಪ್. ಬೇಡವೆನ್ನಲು ಅವಳಿಗೆ ಕಾರಣ ಹೇಳಬೇಕಾಗುತ್ತಿತ್ತು. ಆ ಕಾರಣವನ್ನು ಹೇಳುವಂತಿರಲಿಲ್ಲ.

"1809, ನವೆಂಬರ್ 19," ಎಂದು ಓದಿದಳು. "ಜೋಬ್. ವಿಲಿಯಂ ಮತ್ತು ಸುಸಾನಾ ಸಾರ್ಡಿಸನ್ ಮಗ. ಶಿಶು."

ರಾಲ್ಫನ ಪೆನ್ಸಿಲ್ ನಿಂತಿತು. ಅವನು ಪರದೆಯನ್ನು ನೋಡಿದ, ಅವಳ ಮುಖವನ್ನು ನೋಡಲಿಲ್ಲ.

"ಮುಂದಿನ ಸಾಲು ಓದು, ಮಾರಾಯ್ತಿ," ಎಂದ.

ಮೇವಿಸ್ ಓದಿದಳು. ಮಧ್ಯಾಹ್ನದವರೆಗೂ ಓದಿದಳು. ಧ್ವನಿ ಎಲ್ಲೂ ತಪ್ಪಲಿಲ್ಲ.

ಅವಳಿಗೆ ಆಗ ಅರವತ್ತೆಂಟು. ಬಾಸ್ಟನ್ ಪಟ್ಟಣದಲ್ಲಿ ಜೌಗು ಹೊಲಗಳ ನೀರು ಹೊರಹಾಕುವ ಮಂಡಳಿಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ಇದ್ದ ಒಬ್ಬನೇ ಅಣ್ಣ ಕ್ಲೆಮ್, ರೈಲ್ವೆಯಲ್ಲಿ ಸಿಗ್ನಲ್ ಕೈಮರ ಎಳೆಯುತ್ತಿದ್ದವನು. ಸಾರ್ಡಿಸನ್ ಮನೆತನದ ಮೂಲ ಹುಡುಕಲು ಇಬ್ಬರೂ ಸೇರಿ ಹೊರಟು ಹನ್ನೆರಡು ವರ್ಷಗಳಾಗಿದ್ದವು. ತಂದೆ, ಅಜ್ಜ, ಮುತ್ತಜ್ಜ ಸಲೀಸಾಗಿ ಸಿಕ್ಕರು. ಮುತ್ತಜ್ಜನ ಅಪ್ಪ ಜೋಬ್‌ನಲ್ಲಿ ದಾರಿ ನಿಂತುಬಿಟ್ಟಿತು. 1851ರ ಜನಗಣತಿಯಲ್ಲಿ ಅವನು ಕೂಲಿಯಾಳು, ವಯಸ್ಸು ನಲವತ್ತೊಂದು. ಹುಟ್ಟಿದ ಊರು ಎಂಬಲ್ಲಿ ಗಣತಿದಾರ "ತಿಳಿಯದು" ಎಂದು ಬರೆದಿದ್ದ. ಮದುವೆಯ ದಾಖಲೆಯಲ್ಲಿ ಅಪ್ಪನ ಹೆಸರಿಲ್ಲ. ಆ ಕಾಲದಲ್ಲಿ ಬರೆಯುತ್ತಿರಲಿಲ್ಲ.

"ತಾನು ಎಲ್ಲಿ ಹುಟ್ಟಿದೆ ಅಂತಾನೇ ಗೊತ್ತಿಲ್ಲದ ಮನುಷ್ಯ!" ಎಂದು ಕ್ಲೆಮ್ ನಗುತ್ತಿದ್ದ. "ಇಲ್ಲಾ ಸಾಲಗಾರ, ಇಲ್ಲಾ ಹೆಂಡ್ತಿ ಬಿಟ್ಟು ಓಡಿಬಂದೋನು. ನಮ್ಮನೆ ರಕ್ತಾನೇ, ಅನುಮಾನಾನೇ ಇಲ್ಲ."

ಆದರೆ 1989ರ ಬೇಸಿಗೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿದ ಮೇಲೆ ಅವನ ನಗು ಕಡಿಮೆಯಾಯಿತು. ಆಸ್ಪತ್ರೆಯ ಮಂಚದ ಮೇಲೆ ದಿಂಬಿಗೊರಗಿ ತಂಗಿಗೆ ಹೇಳಿದ: "ಎಲ್ಲರಿಗೂ ಒಂದೊಂದು ಊರಿದೆ ಕಣೇ. ನಂಗೂ ಒಂದು ಹುಡುಕ್ಕೊಡು. ಬೇಗ."

ಮೇವಿಸ್ ಹುಡುಕಿದಳು. ಸೆಪ್ಟೆಂಬರಿನಲ್ಲಿ ಹ್ಯಾಗ್‌ತೋರ್ಪ್ ಚರ್ಚಿನ ದೀಕ್ಷಾಸ್ನಾನದ ದಾಖಲೆಯಲ್ಲಿ ಜೋಬ್ ಸಾರ್ಡಿಸನ್ ಎಂಬ ಮಗು ಸಿಕ್ಕಿತು. 1809, ವಯಸ್ಸು ಹೊಂದುತ್ತಿತ್ತು. ಜಿಲ್ಲೆಯಲ್ಲಿ ಆ ಹೆಸರಿನ ಬೇರೆ ಮಗು ಅವಳಿಗೆ ಕಂಡಿರಲಿಲ್ಲ.

ಇಂಥ ಮಗು ಸಿಕ್ಕಾಗ ನಮ್ಮಲ್ಲಿ ಮಾಡುವ ಮೊದಲ ಕೆಲಸ ಅದನ್ನು ಸಾಯಿಸಲು ನೋಡುವುದು. ಅಂದರೆ ಅದೇ ಚರ್ಚಿನ ಮಣ್ಣು ಮಾಡಿದವರ ದಾಖಲೆಯಲ್ಲಿ ಮುಂದಿನ ಕೆಲವು ವರ್ಷ ಹುಡುಕಿ, ಆ ಮಗು ಸಣ್ಣದರಲ್ಲೇ ತೀರಿಕೊಂಡಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ಆ ಕಾಲದ ಜೌಗು ಸೀಮೆಯಲ್ಲಿ ಮಕ್ಕಳು ಬಹಳ ಸಾಯುತ್ತಿದ್ದವು. ಸತ್ತ ಮಗು ಯಾರ ಮುತ್ತಜ್ಜನೂ ಆಗಲಾರದು. ಹೊಸಬರು ಸಂಘಕ್ಕೆ ಸೇರಿದ ದಿನವೇ ಅವರಿಗೆ ಇದನ್ನು ಹೇಳಿಕೊಡುವವಳು ಮೇವಿಸ್.

ಅವತ್ತು ಆ ಫಿಲ್ಮಿನ ಡಬ್ಬಿಯನ್ನು ಅವಳು ಕಪಾಟಿನಿಂದ ತೆಗೆದಿದ್ದಳು. ಮುಚ್ಚಳದ ಮೇಲೆ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ನಿಂತು, ಮತ್ತೆ ಅಲ್ಲೇ ಇಟ್ಟಳು. ನೇರ ಆಸ್ಪತ್ರೆಗೆ ಹೋದಳು.

ಮುಂದಿನ ವಾರ ರಾಲ್ಫ್ ಕೇಳಿಯೇ ಕೇಳಿದ. ಅವನು ಹಂದಿಮಾಂಸದ ಅಂಗಡಿ ಇಟ್ಟಿದ್ದವನು. "ಏನಮ್ಮ, ನಿನ್ನ ಜೋಬ್ ಸಿಕ್ಕಿದ್ನಂತೆ? ಸಾಯಿಸಿ ನೋಡಿದ್ಯಾ? ಜೀವಮಾನವೆಲ್ಲ ಹಂದಿ ಕಡಿದೋನು ನಾನು ಹೇಳ್ತಿದೀನಿ, ಕೊಲ್ಲೋದ್ರಲ್ಲಿ ದಾಕ್ಷಿಣ್ಯ ಇಟ್ಕೋಬಾರ್ದು."

"ನೋಡಿದೆ," ಎಂದಳು ಮೇವಿಸ್. "ಬದುಕಿದಾನೆ."

ಹ್ಯಾಗ್‌ತೋರ್ಪ್ ಎಂಬ ಹೆಸರು ಕೇಳಿದ ಮೇಲೆ ಕ್ಲೆಮ್‌ಗೆ ಬೇರೆ ಯೋಚನೆಯೇ ಇರಲಿಲ್ಲ. ನರ್ಸ್‌ಗಳಿಗೆ, ಊಟ ತರುವವರಿಗೆ, ಪಕ್ಕದ ಮಂಚದವನಿಗೆ ಎಲ್ಲರಿಗೂ ಹೇಳಿದ. ಕ್ಲೆಮ್‌ನ ಮನೆಯ ಹಿಂದೆಯೇ ಊರಿನ ಸ್ಮಶಾನವಿದೆ. ಅವನೂ ಹೆಂಡತಿ ಬೆರಿಲ್‌ಳೂ ಅಲ್ಲೇ ಜಾಗ ಎಂದು ಎಂದೋ ತೀರ್ಮಾನಿಸಿದ್ದರು. ಈಗ ಅವನು ಮನಸ್ಸು ಬದಲಾಯಿಸಿದ. "ನನ್ನ ಬೂದಿ ಜೋಬ್ ಇದ್ದ ಊರಲ್ಲಿ ಹೂಳಿ," ಎಂದ. ಬೆರಿಲ್ ಆಗಲೆಂದಳು. ಹೊರಗಿನವರಿಗೆ ಚರ್ಚಿನ ಅಂಗಳದಲ್ಲಿ ಜಾಗ ಕೊಡುವುದಿಲ್ಲ. ಪೂರ್ವಜರ ಊರು ಎಂಬ ಕಾರಣಕ್ಕೆ ಅಲ್ಲಿನ ಪಾದ್ರಿ ಒಪ್ಪಿದರು. ಅಕ್ಟೋಬರಿನಲ್ಲಿ ಕ್ಲೆಮ್ ತೀರಿಕೊಂಡ. ಓಕ್ ಮರದ ಪೆಟ್ಟಿಗೆಯಲ್ಲಿ ಅವನ ಬೂದಿ ಹ್ಯಾಗ್‌ತೋರ್ಪ್ ಮಣ್ಣಿಗೆ ಸೇರಿತು. ಮೇಲೊಂದು ಪುಟ್ಟ ಕಲ್ಲು: ಹೆಸರು, ವರ್ಷಗಳು, ಕೆಳಗೆ "ಮರಳಿ ಊರಿಗೆ".

ಅಲ್ಲಿಗೆ ಬಸ್ಸಿರುವುದು ಗುರುವಾರ ಮಾತ್ರ. ಬೆರಿಲ್ ಅಂದಿನಿಂದ ಗುರುವಾರ ತಪ್ಪಿಸಲಿಲ್ಲ. ಮೇವಿಸ್ ಒಂದು ಸಲವೂ ಜೊತೆಗೆ ಹೋಗಿರಲಿಲ್ಲ. ಮೊದಮೊದಲು ನೆಗಡಿ, ಆಮೇಲೆ ಸಂಘದ ಕೆಲಸ ಎಂದಳು, ಆಮೇಲೆ ಬೆರಿಲ್ ಕರೆಯುವುದನ್ನೇ ಬಿಟ್ಟಳು.

ಮೈಕ್ರೋಫಿಲ್ಮಿನಲ್ಲಿ ಜೋಬ್ ಸತ್ತ ಸಾಲು ಓದಿದ ಎರಡನೆಯ ದಿನ ಗುರುವಾರ. ಅವತ್ತು ಮೇವಿಸ್ ಬಸ್ ನಿಲ್ದಾಣಕ್ಕೆ ಬಂದಳು.

"ಅಬ್ಬಾ, ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು?" ಎಂದಳು ಬೆರಿಲ್. ಅವಳ ಕೈಚೀಲದಲ್ಲಿ ಒದ್ದೆ ಬಟ್ಟೆ, ನೀರಿನ ಬಾಟಲಿ, ಒಣದ್ರಾಕ್ಷಿ ಬ್ರೆಡ್ಡು, ಚೀಸ್ ಚೂರು ಇದ್ದವು. ದಾರಿಯುದ್ದಕ್ಕೂ ಮೊಣಕಾಲಿನ ಬಗ್ಗೆ ಮಾತಾಡಿದಳು. ಬಸ್ಸು ಅಡ್ಡರಸ್ತೆಯಲ್ಲಿ ಇಳಿಸಿತು. ಚರ್ಚು ಅಲ್ಲಿಂದ ಒಂದು ಮೈಲಿ, ಹೊಲಗಳ ನಡುವೆ ಎದುರುಗಾಳಿಯಲ್ಲಿ. ಬೆರಿಲ್ ಮೂರು ಕಡೆ ನಿಂತು ಸುಧಾರಿಸಿಕೊಂಡಳು.

ಅಂಗಳದಲ್ಲಿ ಬೆರಿಲ್ ಮಂಡಿಯೂರಿ ಕಲ್ಲು ಒರೆಸಲು ಶುರು ಮಾಡಿದಾಗ ಮೇವಿಸ್ ನಿಂತುಕೊಂಡೇ ಹೇಳಿದಳು. ಮಗು ಅದೇ ವರ್ಷ ಸತ್ತಿತ್ತು. ನಮ್ಮ ಜೋಬ್ ಬೇರೆ ಯಾರೋ, ಎಲ್ಲಿಯವನೋ.

ಬೆರಿಲ್ ಒರೆಸುತ್ತಲೇ ಇದ್ದಳು. "ಅಂದ್ರೆ ಈ ಊರಿಗೂ ನಮ್ಮ ಕ್ಲೆಮ್‌ಗೂ..."

"ಏನೂ ಇಲ್ಲ."

"ಗೊತ್ತಿಲ್ದೆ ಆಗಿದ್ದಾ?"

ಹೌದು ಎಂದುಬಿಡಬಹುದಿತ್ತು. ಬೆರಿಲ್‌ಗೆ ನಮ್ಮ ಪದ್ಧತಿಗಳು ತಿಳಿಯವು.

"ಇಲ್ಲ," ಎಂದಳು ಮೇವಿಸ್. "ಡಬ್ಬಿ ಕೈಲೇ ಇತ್ತು. ನೋಡ್ದೆ ವಾಪಸ್ ಇಟ್ಟೆ. ಸತ್ತಿರ್ತಾನೇನೋ ಅಂತ ಹೆದ್ರಿಕೆ ಆಯ್ತು."

"ಯಾರು ಸತ್ತಿರ್ತಾರೆ ಅಂತ? ಜೋಬಾ, ಕ್ಲೆಮ್ಮಾ?"

"ಇಬ್ರೂ."

ಬೆರಿಲ್ ಬಟ್ಟೆ ಹಿಂಡಿದಳು, ಮಡಚಿ ಚೀಲಕ್ಕೆ ಹಾಕಿದಳು. ಮೇವಿಸ್ ಕೈ ಚಾಚಿದಳು. ಬೆರಿಲ್ ಕಲ್ಲಿನ ಅಂಚು ಹಿಡಿದುಕೊಂಡೇ ಎದ್ದಳು.

"ನಿನ್ನಣ್ಣ ಸಂತೋಷವಾಗಿ ಸತ್ತ. ಅದನ್ನ ಬೇಡ ಅನ್ನೋಕೆ ನಾನ್ಯಾರು? ಆದ್ರೆ ಆ ಸಂತೋಷಕ್ಕೆ ವಾರ ವಾರ ಬಸ್ ಹತ್ತಿರೋದು ನಾನು ಕಣೇ, ನೀನಲ್ಲ. ನನ್ನ ಮಲಗೋ ಕೋಣೆ ಕಿಟಕಿಯಿಂದ ನೋಡ್ಬಹುದಾಗಿದ್ದ ಗಂಡನ್ನ ನೋಡೋಕೆ."

ಬೆಂಚಿನ ಮೇಲೆ ಕುಳಿತು ಇಬ್ಬರೂ ಬ್ರೆಡ್ಡು ತಿಂದರು. ಮರಳುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಬ್ರೆಡ್ಡು ಮುಗಿದ ಮೇಲೆ ಬೆರಿಲ್ ಹೇಳಿದ್ದು ಇಷ್ಟೇ: "ಅವನನ್ನ ಮನೆ ಹತ್ರ ತರಿಸ್ಕೊಡು."

ಚರ್ಚಿನ ಮಣ್ಣಿಗೆ ಸೇರಿದ್ದನ್ನು ಮೇಲೆತ್ತಲು ಬಿಷಪ್ಪರ ನ್ಯಾಯಾಲಯದ ಅಪ್ಪಣೆ ಬೇಕು, ಅದು ಸುಲಭಕ್ಕೆ ಸಿಗುವುದಿಲ್ಲ. ಹೂಳುವಾಗಲೇ ತಪ್ಪು ನಡೆದಿತ್ತು ಎಂದು ತಪ್ಪು ಮಾಡಿದವರೇ ಪ್ರಮಾಣ ಮಾಡಿ ಬರೆದುಕೊಟ್ಟರೆ ಕೇಳುತ್ತಾರೆ. ಮೇವಿಸ್ ಬರೆಯಲು ಕುಳಿತಳು. ಅದಕ್ಕೂ ಮೊದಲು ಸಂಘದ ಕಾರ್ಯದರ್ಶಿಯ ಬಳಿ ಹೋಗಿ, ತಾನು ತಾಳೆ ನೋಡಿ ಸಹಿ ಹಾಕಿದ ಹಳ್ಳಿಗಳನ್ನೆಲ್ಲ ಬೇರೆಯವರಿಂದ ಮತ್ತೆ ನೋಡಿಸಬೇಕೆಂದು ಕೇಳಿಕೊಂಡಳು. ಒಂದು ವರ್ಷ ಆ ಕೆಲಸ ನಡೆಯಿತು. ಅವಳ ತಪ್ಪು ಒಂದೂ ಸಿಗಲಿಲ್ಲ. ಅದನ್ನು ಹೇಳಿದಾಗ ಅವಳಿಗೆ ಸಮಾಧಾನವೇನೂ ಆದಂತೆ ಕಾಣಲಿಲ್ಲ.

ರಾಲ್ಫ್ ಮಂಗಳವಾರಗಳಂದು ಮೊದಲಿನ ಹಾಗೆಯೇ ಅವಳ ಪಕ್ಕದಲ್ಲಿ ಕುಳಿತ. ಒಂದು ದಿನ ಮಾತ್ರ, "ನನ್ನ ಹತ್ರ ಸುಳ್ಳು ಹೇಳ್ಬಾರ್ದಿತ್ತು, ಮೇವಿಸ್," ಎಂದ. "ಹೇಳಿದ್ರೆ ನಾನೇ ನೋಡ್ತಿದ್ದೆ. ಕೆಟ್ಟ ಸುದ್ದಿ ತಂದೋನು ನಾನೇ ಅಂತ ಕ್ಲೆಮ್‌ಗೆ ಹೇಳ್ತಿದ್ದೆ."

ಬರೆದದ್ದನ್ನು ಮೇವಿಸ್ ಬೆರಿಲ್‌ಗೆ ತೋರಿಸಿದಳು. ಡಬ್ಬಿಯ ಸಂಗತಿ, ರಾಲ್ಫನಿಗೆ ಹೇಳಿದ ಸುಳ್ಳು, ಎರಡೂ ಇದ್ದವು. ಬೆರಿಲ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

"ಒಂದು ಬಿಟ್ಟಿದೀಯ. ಆಸ್ಪತ್ರೇಲಿ ಅವ್ನು ನಿನ್ನ ಕೇಳಿದ್ದು. ನಾನು ಟೀ ಬಗ್ಗಿಸ್ತಾ ಅಲ್ಲೇ ಇದ್ದೆ."

"ಅದು ಕೋರ್ಟಿಗೆ ಬೇಕಾ, ಬೆರಿಲ್?"

"ಕೋರ್ಟಿಗೆ ಬೇಕೋ ಬೇಡ್ವೋ. ನಂಗೆ ಬೇಕು. ನೀನಂದಿದ್ದನ್ನ ಕೇಳೇ ಅವ್ನು ಮನಸ್ಸು ಬದಲಾಯಿಸಿದ್ದು."

1991ರ ಮೇ ತಿಂಗಳಲ್ಲಿ ವಕೀಲರ ಕಚೇರಿಯಲ್ಲಿ ಮೇವಿಸ್ ಬೈಬಲ್ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದಳು. ಬೆರಿಲ್ ಪಕ್ಕದ ಕುರ್ಚಿಯಲ್ಲಿದ್ದಳು. ಓದಬೇಕಾಗಿಲ್ಲ, ಸಹಿ ಸಾಕು ಎಂದರು ವಕೀಲರು. ಮೇವಿಸ್ ಓದಿಯೇ ಸಹಿ ಹಾಕುತ್ತೇನೆ ಎಂದಳು. ಮೈಕ್ರೋಫಿಲ್ಮ್ ಯಂತ್ರದ ಮುಂದೆ ಓದುವ ಅದೇ ಧ್ವನಿಯಲ್ಲಿ, ತಾಳೆ ನೋಡುವವರಿಗೆ ಸಮಯ ಕೊಡುತ್ತ, ಕೊನೆಯದಾಗಿ ಸೇರಿಸಿದ ಸಾಲಿನವರೆಗೂ ಓದಿದಳು:

"ಇದು ಎಷ್ಟು ಖಚಿತವೆಂದು ನನ್ನ ಅಣ್ಣ ಕೇಳಿದನು. ನಾನು ಹೇಳಿದ್ದು, ನೂರಕ್ಕೆ ನೂರು."