ಕಮರುದ್ದೀನ ವಸ್ತಾದರ ಸನ್ಮಾನ

ನಾನು ಓದಿದ್ದು ಹುಬ್ಬಳ್ಳಿಯ ರೈಲ್ವೆ ವರ್ಕಶಾಪಿನ ಹಿಂದೆ ಇದ್ದ ಪಾದ್ರಿಗಳ ಹೈಸ್ಕೂಲಿನಲ್ಲಿ. ಅಲ್ಲಿ ಇಂಗ್ಲಿಷ್ ಚೆನ್ನಾಗಿ ಕಲಿಸುತ್ತಾರೆಂದು ನಮ್ಮ ತಂದೆ ಗೋಪನಕೊಪ್ಪದಿಂದ ದಿನಾಲೂ ನನ್ನನ್ನು ನಡೆಸಿ ಕಳಿಸುತ್ತಿದ್ದರು. ಇಂಗ್ಲಿಷ್ ಎಷ್ಟು ಬಂತೋ ದೇವರೇ ಬಲ್ಲ, ಕಾಲು ಮಾತ್ರ ಗಟ್ಟಿಯಾದವು. ಅಷ್ಟಾದರೂ ಓಟದಲ್ಲಿ ಕೊನೆಗೆ ಬರುವವನು ನಾನೇ. ಏದುಸಿರು ಬಿಡುತ್ತ ಬಂದು ನಿಂತ ನನ್ನ ಬೆನ್ನು ತಟ್ಟಿ, "ಬಿಂದೂ, ನಿನ್ನ ಹಿಂದ ಯಾರೂ ಇಲ್ಲ. ಅಂದ್ರ ನಿನ್ನ ಯಾರೂ ಬೆನ್ನ ಹತ್ತಿಲ್ಲ ಅಂತ ತಿಳಕೋ. ಆರಾಮ ಬಾ" ಎನ್ನುತ್ತಿದ್ದವರು ನಮಗೆ ಡ್ರಿಲ್ ಕಲಿಸುವ ಕಮರುದ್ದೀನ ವಸ್ತಾದರು.

ವಸ್ತಾದ ಎಂದರೆ ಗರಡಿಯ ಗುರು. ಹಳೇ ಹುಬ್ಬಳ್ಳಿಯಲ್ಲಿ ಅವರದೊಂದು ಗರಡಿ ಇತ್ತು. ವಯಸ್ಸಿನಲ್ಲಿದ್ದಾಗ ಮಿರಜ, ಸಾಂಗ್ಲಿ ಕಡೆಗೆಲ್ಲ ಕುಸ್ತಿ ಹಿಡಿದವರು. ಹೆಗಲು ಒಂದು ಸಲ ಕಳಚಿಕೊಂಡ ಮೇಲೆ ಕಣಕ್ಕಿಳಿಯುವುದನ್ನು ಬಿಟ್ಟು ಕಲಿಸುವುದಕ್ಕೆ ನಿಂತರು. ಬೆಳಗಿನ ಜಾವ ಗರಡಿ, ಹಗಲು ನಮ್ಮ ಶಾಲೆ, ಸಂಜೆ ಮತ್ತೆ ಗರಡಿ. ತಾವು ನಮಾಜು ಮಾಡುವವರು. ಗರಡಿಯ ಗೂಡಿನಲ್ಲಿದ್ದ ಮಾರುತಿಗೆ ದೀಪ ಹಚ್ಚುವವರೂ ಅವರೇ. ಅದರಲ್ಲಿ ಯಾರಿಗೂ ವಿಚಿತ್ರ ಕಾಣುತ್ತಿರಲಿಲ್ಲ.

ವಿಚಿತ್ರವಿದ್ದದ್ದು ನಮ್ಮ ಶಾಲೆಯಲ್ಲಿ. ಓಟ, ಹುತೂತೂ ಎನ್ನುವ ಕಬಡ್ಡಿ, ಕುಸ್ತಿ, ಯಾವುದರಲ್ಲಿ ಶಾಲೆಗೆ ಹೆಸರು ಬಂದರೂ ಅದು ವಸ್ತಾದರ ಕೈಯಿಂದ ಬಂದದ್ದು. ಆದರೆ ಅವರನ್ನು ಒಬ್ಬ ಮಾಸ್ತರನೂ ಮಾಸ್ತರ ಎಂದು ಕರೆಯಲಿಲ್ಲ. "ಏ ಪೈಲವಾನ, ಹುಡುಗರ ಗದ್ದಲ ನೋಡು" ಎನ್ನುವರು. ವರ್ಷಕ್ಕೊಮ್ಮೆ ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕ ಸಭೆ, ಆದಾಗ ಉಳಿದವರಿಗೆಲ್ಲ ಸ್ಟೇಜಿನ ಮೇಲೆ ಕುರ್ಚಿ, ಇವರಿಗೆ ಬಾಗಿಲ ಹತ್ತಿರ ನಿಂತು ಹುಡುಗರನ್ನು ಕಾಯುವ ಕೆಲಸ. ನಾಲ್ಕು ಮೆಟ್ಟಿಲು ಹತ್ತಿದರೆ ಏದುತ್ತಿದ್ದ ನಮ್ಮ ಸಂಸ್ಕೃತದ ಮಾಸ್ತರರು ಆಟದ ಬಹುಮಾನಗಳನ್ನು ಕುಳಿತಲ್ಲಿಂದಲೇ ಹಂಚುವುದು, ಆ ಹುಡುಗರನ್ನು ತಯಾರು ಮಾಡಿದವರು ಬಾಗಿಲಲ್ಲಿ ನಿಲ್ಲುವುದು! ಈಗ ನೆನೆಸಿಕೊಂಡರೂ ನನಗೆ ಮೈಯೆಲ್ಲ ಉರಿಯುತ್ತದೆ.

ವಸ್ತಾದರು ಇದನ್ನು ಯಾರ ಮುಂದೂ ಆಡಿಕೊಂಡವರಲ್ಲ. ಒಮ್ಮೆ ಮಾತ್ರ ಉಳವಪ್ಪನಿಗೆ ಹೇಳಿದ್ದರಂತೆ, "ಒಂದ ಸಲ ಆ ಸ್ಟೇಜಿನ ಮ್ಯಾಲೆ ಕುರ್ಚ್ಯಾಗ ಕುಂತು ಇಳದ್ರ ಸಾಕಪಾ, ಮತ್ತೇನೂ ಬ್ಯಾಡ" ಎಂದು. ಉಳವಪ್ಪ ಬೆಂಗೇರಿಯ ಅರಳೆ ವ್ಯಾಪಾರಿಗಳ ಮಗ, ನನ್ನ ಗೆಳೆಯ, ವಸ್ತಾದರ ಗರಡಿಯ ಮುಖ್ಯ ಶಿಷ್ಯ. ನಾನು ಹೇಳುವುದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಅರ್ಧ ಅವನ ಬಾಯಿಂದ ಕೇಳಿದ್ದು.

ಮೂವತ್ತೆಂಟನೆಯ ಇಸವಿಯಲ್ಲಿ ಮಂಗಳೂರು ಕಡೆಯ ಫಾದರ್ ಪಿಂಟೊ ಪ್ರಿನ್ಸಿಪಾಲರಾಗಿ ಬಂದರು. ಒಳ್ಳೆಯ ಮನುಷ್ಯ. ಬಂದ ವರ್ಷವೇ ಒಂದು ಹೊಸ ಪದ್ಧತಿ ಹಾಕಿದರು: ಗ್ಯಾದರಿಂಗಿನಲ್ಲಿ ಆ ವರ್ಷದ ಶ್ರೇಷ್ಠ ಆಟಗಾರನಿಗೆ ಬೆಳ್ಳಿಯ ಕಪ್ಪು, ಅವನನ್ನು ತಯಾರು ಮಾಡಿದವರಿಗೆ ಸ್ಟೇಜಿನ ಮೇಲೆ ಕುರ್ಚಿ ಕೊಟ್ಟು ಶಾಲು ಹೊದಿಸಿ ಸನ್ಮಾನ. ಕಪ್ಪು ಕೊಡುವ ರೈಲ್ವೆ ಸಾಹೇಬರಿಗೆ ಕುಸ್ತಿಯ ಹುಚ್ಚು ಇದ್ದುದರಿಂದ ಕುಸ್ತಿಯಲ್ಲಿ ಗೆದ್ದವನೇ ಶ್ರೇಷ್ಠ ಎಂದಾಯಿತು. ಪಾದ್ರಿಗಳ ಇಗರ್ಜಿಯ ಹಿಂದಿನ ಬಯಲಿನಲ್ಲಿ ಕೆಮ್ಮಣ್ಣು ಹಾಕಿ ಕಣ ಮಾಡಿದರು. ಶಾಲೆಯಲ್ಲಿ ಕುಸ್ತಿ ಕಲಿಸುವವರು ಒಬ್ಬರೇ. ಯಾರು ಗೆದ್ದರೂ ಶಾಲು ವಸ್ತಾದರದೇ. ಆ ಸುದ್ದಿ ಕೇಳಿ ಅವರ ಹೆಂಡತಿ ಗುಲ್ಜಾರಬಿ ಅತ್ತುಬಿಟ್ಟಳಂತೆ. ಗಂಡನಿಗಾಗಿ ಒಂದು ಕರಿಯ ಶೇರವಾನಿ ಹೊಲಿಸಲು ಕೊಟ್ಟಳು.

ಎಲ್ಲರನ್ನೂ ಸೋಲಿಸಿ ಕೊನೆಯ ಕುಸ್ತಿಗೆ ಉಳಿದವರು ಇಬ್ಬರು. ಒಬ್ಬ ಉಳವಪ್ಪ, ಇನ್ನೊಬ್ಬ ಇನಾಸ.

ಇನಾಸ ರೈಲ್ವೆ ಚಾಳಿನ ಹುಡುಗ, ಗೋವೆಯ ಕಡೆಯ ಕಿರಿಸ್ತಾನರು. ತಂದೆ ವರ್ಕಶಾಪಿನಲ್ಲಿ ಫಿಟರ್ ಇದ್ದು ತೀರಿಕೊಂಡಿದ್ದ, ತಾಯಿ ನತಾಲಿಬಾಯಿಯೇ ಸಾಕಿದ್ದಳು. ಕುಸ್ತಿ ಎಂದರೆ ಊಟ ಬಿಡುವ ಹುಡುಗ. ಆದರೆ ಗರಡಿಗೆ ಸೇರಬೇಕಾದರೆ ಮಾರುತಿಯ ಮುಂದೆ ಕಾಯಿ ಒಡೆಯಬೇಕು, ಆಮೇಲೆ ವಸ್ತಾದರು ಕಣದ ಮಣ್ಣನ್ನು ಹಣೆಗೆ ಹಚ್ಚಬೇಕು. ಆಗಲೇ ಶಿಷ್ಯ. ಕಾಯಿ ಒಡೆದರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ತಾಯಿ ಬೇಡವೆಂದಳು. ಹುಡುಗ ಎರಡು ವರ್ಷ ದಿನಾಲೂ ಗರಡಿಗೆ ಬಂದು ಹೊಸ್ತಿಲಾಚೆ ನಿಂತು ನೋಡಿ ಹೋಗುತ್ತಿದ್ದ. ವಸ್ತಾದರಿಗೆ ಕರುಳು ಚುರ್ ಎಂದಿತು. ಗರಡಿಯ ಮಣ್ಣು ತುಳಿಸಲಿಲ್ಲ, ಶಾಲೆಯ ಬಯಲಿನ ಉಸುಕಿನಲ್ಲಿ ಕಲಿಸಿದರು. ಉಳವಪ್ಪನಿಗೆ ಕಲಿಸಿದ್ದರಲ್ಲಿ ಒಂದು ಪಟ್ಟನ್ನೂ ಅವನಿಗೆ ಬಚ್ಚಿಡಲಿಲ್ಲ.

ಈಗ ಒಂದು ಮಾತು ಹೇಳಬೇಕು. ನಮ್ಮ ಕಡೆ ಒಬ್ಬನೇ ವಸ್ತಾದನ ಇಬ್ಬರು ಶಿಷ್ಯರು ಜನರ ಮುಂದೆ ಒಬ್ಬರನ್ನೊಬ್ಬರು ಬೀಳಿಸುವಂತಿಲ್ಲ. ಗರಡಿಯೊಳಗೆ ದಿನಾಲೂ ಹಿಡಿಯಬಹುದು, ಹೊರಗೆ ಅವರು ಅಣ್ಣತಮ್ಮಂದಿರು. ತಪ್ಪಿ ಜೋಡಿ ಬಿದ್ದರೆ ಕೈ ಕೂಡಿಸಿ, ಒಬ್ಬರ ಮೈಗೆ ಒಬ್ಬರು ಮಣ್ಣು ಹಚ್ಚಿ, ಸಮ ಸಮ ಎಂದು ಹೊರಗೆ ಬರುತ್ತಾರೆ. ಮಂಗಳೂರಿನ ಫಾದರ್ ಪಿಂಟೊ ಅವರಿಗೆ ಇದು ಹೇಗೆ ಗೊತ್ತಿರಬೇಕು? ವಸ್ತಾದರಿಗೆ ಗೊತ್ತಿತ್ತು. ಆದರೆ ನಮ್ಮ ಶಾಲೆಯಲ್ಲಿ ಕಾಯಿ ಒಡೆದವನು ಉಳವಪ್ಪ ಒಬ್ಬನೇ. ಇನಾಸ ಕಾಯಿ ಒಡೆದವನಲ್ಲ, ಶಿಷ್ಯನಲ್ಲ. ಆದ್ದರಿಂದ ಕುಸ್ತಿಗೆ ಅಡ್ಡಿ ಇರಲಿಲ್ಲ. ಅವರು ಸುಮ್ಮನಿದ್ದರು.

ಗ್ಯಾದರಿಂಗ್ ಒಂದು ಶನಿವಾರ. ಅಂದು ಬೆಳಿಗ್ಗೆ ಉಳವಪ್ಪ ಗರಡಿಯಲ್ಲಿ ಬೈಠಕ್ ಹೊಡೆಯುತ್ತಿದ್ದಾಗ ಇನಾಸ ಬಂದ. ಹಿಂದೆ ತಲೆಯ ಮೇಲೆ ಸೆರಗು ಹೊದ್ದು ಅವನ ತಾಯಿ. ಹೆಂಗಸರು ಗರಡಿಯೊಳಗೆ ಬರುವುದಿಲ್ಲವಾದ್ದರಿಂದ ಆಕೆ ಬಾಗಿಲಾಚೆಯೇ ನಿಂತಳು. ಮಗನ ಕೈಯಲ್ಲಿ ಒಂದು ತೆಂಗಿನಕಾಯಿ ಇತ್ತು.

"ವಸ್ತಾದರ, ಬ್ಯಾಡ ಅಂದಾಕಿ ನಾನರೀ" ಎಂದಳು ನತಾಲಿಬಾಯಿ. "ಇವತ್ತ ಮಂದಿ ಮುಂದ ಹುಡುಗರ ಹೆಸರ ಕೂಗ್ತಾರಂತ. ಉಳವಪ್ಪನ ಹೆಸರಿನ ಕೂಡ ನಿಮ್ಮ ಹೆಸರ ಕೂಗ್ತಾರ, ನನ್ನ ಹೆಸರಿನ ಕೂಡ ಯಾರದೂ ಇಲ್ಲವ್ವಾ ಅಂತ ರಾತ್ರಿಯೆಲ್ಲಾ ಅತ್ತಾನ್ರಿ. ಅಪ್ಪ ಅಂತೂ ಇಲ್ಲ. ಗುರೂನರ ಇರಲಿ. ಪಾಪ ಬಂದ್ರ ನನಗ ಬರಲಿ, ಇವನ್ನ ಒಳಗ ಕರಕೊಳ್ರಿ."

ಉಳವಪ್ಪನಿಗೆ ಆನಂದವೋ ಆನಂದ. ಬೈಠಕ್ ನಿಲ್ಲಿಸಿ, ಹಣೆಗೆ ಹಚ್ಚಲಿಕ್ಕೆಂದು ತಾನೇ ಒಂದು ಹಿಡಿ ಮಣ್ಣು ತೆಗೆದುಕೊಂಡು ನಿಂತ. ಕಾಯಿ ಹಿಡಿದು ಬಂದವನನ್ನು ಯಾವ ವಸ್ತಾದನೂ ತಿರುಗಿ ಕಳಿಸಿದ್ದನ್ನು ಅವನು ಕೇಳಿರಲಿಲ್ಲ.

ವಸ್ತಾದರು ಆ ಕಾಯಿಯನ್ನೇ ನೋಡಿದರು. ಈ ಕಾಯಿ ಒಡೆದರೆ ಇನಾಸ ಶಿಷ್ಯನಾದ. ಶಿಷ್ಯನಾದರೆ ಸಂಜೆ ಕುಸ್ತಿ ಇಲ್ಲ. ಕುಸ್ತಿ ಇಲ್ಲವೆಂದರೆ ಗೆದ್ದವನಿಲ್ಲ, ಕಪ್ಪಿಲ್ಲ, ಕುರ್ಚಿಯೂ ಇಲ್ಲ, ಶಾಲೂ ಇಲ್ಲ. ಮುಂದಿನ ವರ್ಷಕ್ಕೆ ಫಾದರ್ ಯಾರಿರುತ್ತಾರೋ, ಸಾಹೇಬರು ಯಾರೋ.

"ಸಂಜೀಕ ಬರ್ರಿ ಬಾಯಾರ" ಎಂದರು ಕೊನೆಗೆ. "ಕುಸ್ತಿ ಮುಗದ ಕೂಡ್ಲೆ ಮೊದಲ ಇದ ಕೆಲಸ."

"ಈಗ ಯಾಕ ಬ್ಯಾಡ್ರಿ?" ಎಂದ ಇನಾಸ.

"ಈಗ ಹೊತ್ತು ಛಲೋ ಇಲ್ಲಪಾ."

ಉಳವಪ್ಪನಿಗೆ ತಡೆಯಲಾಗಲಿಲ್ಲ. "ವಸ್ತಾದರ, ಇವತ್ತ ಶನಿವಾರ ಅಲ್ಲೇನ್ರಿ, ಮಾರುತಿ ವಾರ. ಇದಕಿಂತ ಛಲೋ ಹೊತ್ತು ಯಾವುದೈತ್ರಿ?"

"ನೀ ಬೈಠಕ್ ಹೊಡಿ" ಎಂದು ವಸ್ತಾದರು ಗದರಿದರು. ಆ ಗರಡಿಯಲ್ಲಿ ಅವರು ಗದರಿದ್ದನ್ನು ಅವನು ಅದೇ ಮೊದಲು ಕೇಳಿದ್ದು.

ಇನಾಸ ಒಮ್ಮೆ ಕಣವನ್ನು ನೋಡಿದ, ಒಮ್ಮೆ ಉಳವಪ್ಪನ ಕೈಯಲ್ಲಿದ್ದ ಮಣ್ಣನ್ನು ನೋಡಿದ. ದಡ್ಡನೇನಲ್ಲ, ಗರಡಿಯ ರೀತಿ ರಿವಾಜು ಹೊಸ್ತಿಲಲ್ಲಿ ನಿಂತೇ ಕಲಿತವನು. "ಆಗ್ಲಿ ಬಿಡ್ರಿ" ಎಂದು ತಾಯಿಯನ್ನು ಕರೆದುಕೊಂಡು ಹೋದ. ಪಾಪ, ಆಕೆಗೆ ಏನೂ ತಿಳಿಯಲಿಲ್ಲ. ಹೋಗುವಾಗ ವಸ್ತಾದರಿಗೆ ಕೈ ಮುಗಿದು ಹೋದಳು.

ಮಧ್ಯಾಹ್ನ ಉಳವಪ್ಪ ಇದನ್ನೆಲ್ಲ ನನಗೆ ಹೇಳಿದ. ಮುಖ ಕಪ್ಪಿಟ್ಟಿತ್ತು.

"ಹಂಗಾರ ನೀ ಕುಸ್ತಿ ಹಿಡೀಬ್ಯಾಡ, ಹೊಟ್ಟಿನೋವು ಅಂತ ಹೇಳು" ಎಂದೆ ನಾನು. ನನಗೆ ಗೊತ್ತಿದ್ದ ಉಪಾಯ ಅದೊಂದೇ.

"ವಸ್ತಾದರ ಹುಕುಂ ಆಗೇತಿ. ಮೀರಾಕ ಬರೂದಿಲ್ಲೋ ಬಿಂದೂ. ನಾ ಶಿಷ್ಯ ಅದೇನಿ" ಎಂದ ಅವನು.

ಕುಸ್ತಿ ಆಯಿತು. ಮೊದಲಿಗೆ ಉಳವಪ್ಪನದೇ ಮೇಲುಗೈ. ಆಮೇಲೆ ಇನಾಸ ಅವನ ತೋಳಿನ ಕೆಳಗೆ ನುಸುಳಿ, ಸೊಂಟದ ಮೇಲೆ ಹೊತ್ತುಕೊಂಡು, ಅರ್ಧ ತಿರುಗಿ ಒಗೆದ. ಉಳವಪ್ಪನ ಎರಡೂ ಹೆಗಲು ಮಣ್ಣಿಗೆ ಹತ್ತಿದವು. ಆ ಪಟ್ಟನ್ನು ಎರಡು ಮಳೆಗಾಲ ಉಸುಕಿನಲ್ಲಿ ವಸ್ತಾದರು ಅವನಿಗೆ ತಿದ್ದಿದ್ದನ್ನು ನಾನು ನೋಡಿದ್ದೆ. ಸಾಹೇಬರು ಎದ್ದು ನಿಂತು ಚಪ್ಪಾಳೆ ಹೊಡೆದರು. ಇನಾಸ ಮಾತ್ರ ನಗಲಿಲ್ಲ. ಬಿದ್ದವನ ಬೆನ್ನಿನ ಮಣ್ಣು ಒರಸಿ ಎಬ್ಬಿಸಿದ.

ಸ್ಟೇಜಿನ ಮೇಲೆ ವಸ್ತಾದರು ಕುಳಿತಿದ್ದರು. ಕರಿಯ ಶೇರವಾನಿ, ತಲೆಗೆ ಜರದ ರುಮಾಲು. ಕುರ್ಚಿಯ ತುದಿಗೆ ಕುಳಿತ ಅವರನ್ನು ನೋಡಿ ಸಂಸ್ಕೃತದ ಮಾಸ್ತರರು ಸಹ ಸ್ವಲ್ಪ ಸರಿದು ಕುಳಿತರು.

ಫಾದರ್ ಪಿಂಟೊ ಎದ್ದರು. "ಗೆದ್ದ ಹುಡುಗನಿಗೆ ಕಪ್ಪು ಕೊಟ್ಟರೆ ಸಾಕಾ? ಅವನನ್ನು ತಯಾರು ಮಾಡಿದವರನ್ನು ಮರೆತರೆ ನಾವು ಎಂತ ಮನುಷ್ಯರು ಮಾರಾಯ್ರೆ? ಈ ಶಾಲನ್ನು ನಾನು ಹೊದಿಸುವುದಲ್ಲ. ಶಿಷ್ಯನೇ ಗುರುವಿಗೆ ಹೊದಿಸಲಿ." ಶಾಲನ್ನು ತೆಗೆದು ಇನಾಸನ ಕೈಗೆ ಕೊಟ್ಟರು.

ಇನಾಸ ಶಾಲು ಹಿಡಿದು ನಿಂತ. ಅವನು ಅದನ್ನು ಮಡಿಸಿದ್ದಂತೆಯೇ ಫಾದರ್ ಕೈಗೆ ತಿರುಗಿ ಕೊಟ್ಟ.

"ಇವರು ನನ್ನ ವಸ್ತಾದರಲ್ಲರೀ ಫಾದರ್" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಆಗಿದ್ದರ ಉಳವಪ್ಪನ್ನ ನಾ ಬೀಳಸ್ತಿದ್ದಿಲ್ಲ."

ಮುಂದಿನ ಸಾಲಿನಲ್ಲಿದ್ದ ಉಳವಪ್ಪ ತಲೆ ತಗ್ಗಿಸಿದ. ಉಳಿದ ಅಷ್ಟೂ ಜನಕ್ಕೆ ಇದರ ತಲೆಬುಡ ತಿಳಿಯಲಿಲ್ಲ.

"ಎಂತ ಹೇಳ್ತಿ ಮಗಾ ನೀನು?" ಎಂದರು ಫಾದರ್.

ವಸ್ತಾದರು ಎದ್ದು ನಿಂತರು. "ಖರೇ ಹೇಳ್ಯಾನ್ರಿ ಫಾದರ್. ಹುಡುಗ ಖರೇ ಹೇಳ್ಯಾನ. ಈ ಶಾಲು ನನಗ ಬ್ಯಾಡ್ರಿ."

ಅಷ್ಟಕ್ಕೆ ಫಾದರ್ ಅವರ ಕಣ್ಣು ತುಂಬಿ ಬಂದವು! ಗೆಲುವಿನ ಹೆಸರೆಲ್ಲ ಹುಡುಗನಿಗೇ ಇರಲಿ ಎಂದು ಗುರು ಶಿಷ್ಯ ಕೂಡಿ ಮಾತಾಡಿಕೊಂಡಿದ್ದಾರೆ ಎಂದು ಅವರು ತಿಳಿದರು. ತಾವೇ ಶಾಲು ಬಿಚ್ಚಿ, ಬೇಡ ಬೇಡವೆಂದರೂ ಬಿಡದೆ ವಸ್ತಾದರಿಗೆ ಹೊದಿಸಿದರು. ಚಪ್ಪಾಳೆಯೋ ಚಪ್ಪಾಳೆ. "ಏನ್ ವಿನಯ, ಏನ್ ವಿನಯ!" ಎಂದರು ಸಂಸ್ಕೃತದ ಮಾಸ್ತರರು. ಎದ್ದು ಆ ಮನುಷ್ಯನ ಬಾಯಿ ಮುಚ್ಚಬೇಕು ಎನ್ನಿಸಿತು ನನಗೆ.

ಅಂದು ಕತ್ತಲಾದ ಮೇಲೆ ವಸ್ತಾದರು ಗರಡಿಯಲ್ಲಿ ದೀಪ ಹಚ್ಚಿ ಕಾದರು. ಇನಾಸ ಬರಲಿಲ್ಲ. ಆಗ ಅವರು ಉಳವಪ್ಪನನ್ನು ಕರೆದುಕೊಂಡು ತಾವೇ ರೈಲ್ವೆ ಚಾಳಿಗೆ ಹೋದರು. ವಸ್ತಾದ ಶಿಷ್ಯನನ್ನು ಹುಡುಕಿಕೊಂಡು ಅವನ ಮನೆಗೆ ಹೋಗುವುದೆಂದರೆ ಗರಡಿಯವರಲ್ಲಿ ಇಲ್ಲದ ಮಾತು.

"ತಪ್ಪಾತು ಇನಾಸ. ನಾ ಆಸೇಕ ಬಿದ್ದೆ" ಎಂದರು ಬಾಗಿಲಲ್ಲೇ ನಿಂತು. "ಬಾ, ಈಗ ಮಣ್ಣು ಹಚ್ಚತೇನಿ."

ಇನಾಸ ಅವರಿಗೆ ಕುರ್ಚಿ ತಂದಿಟ್ಟ, ನೀರು ಕೊಟ್ಟ. ಆಮೇಲೆ ಹೇಳಿದ, "ಈಗ ನಾ ನಿಮ್ಮ ಶಿಷ್ಯ ಆದರ, ಇವತ್ತ ನಾ ಮಂದಿ ಮುಂದ ಒಗದದ್ದು ನನ್ನ ಅಣ್ಣನ್ನ ಅಂತ ಆಕ್ಕೈತ್ರಿ. ಆಗದಿದ್ದರ, ಯಾವನೋ ಒಬ್ಬನ್ನ ಒಗದೆ ಅಂತ ಆಕ್ಕೈತಿ. ನಂದು ಹಿಂಗ ಇರಲಿ ಬಿಡ್ರಿ."

ವಸ್ತಾದರು ನೀರು ಕುಡಿದು ಎದ್ದು ಬಂದರಂತೆ.

ಮುಂದೆ ಅವರು ಇನ್ನೂ ಆರೇಳು ವರ್ಷ ನಮ್ಮ ಶಾಲೆಯಲ್ಲಿದ್ದರು. ಎಲ್ಲರೂ ಮಾಸ್ತರ ಎನ್ನುತ್ತಿದ್ದರು, ಗ್ಯಾದರಿಂಗಿನಲ್ಲಿ ಕುರ್ಚಿ ಇರುತ್ತಿತ್ತು. ಇನಾಸ ವರ್ಕಶಾಪಿಗೆ ಸೇರಿದ, ಸುತ್ತಲ ಊರುಗಳಲ್ಲಿ ಕುಸ್ತಿ ಹಿಡಿದು ಹೆಸರು ಮಾಡಿದ. ಕಣದಲ್ಲಿ ವಸ್ತಾದ ಯಾರೆಂದು ಕೇಳಿದರೆ ಯಾರೂ ಇಲ್ಲ ಎನ್ನುತ್ತಿದ್ದ. ದಾರಿಯಲ್ಲಿ ಸಿಕ್ಕರೆ ಇವರಿಗೆ ಮರ್ಯಾದೆಯಿಂದ ನಮಸ್ಕಾರ ಮಾಡಿ ಹೋಗುತ್ತಿದ್ದ. ಅದು ಎಲ್ಲ ಹಿರಿಯರಿಗೂ ಮಾಡುವ ನಮಸ್ಕಾರ.

ಒಮ್ಮೆ ಗದಗಿನಲ್ಲಿ ದೊಡ್ಡ ಕುಸ್ತಿ. ನಾನಾಗ ಅಲ್ಲಿ ಕಾರಕೂನ. ನೋಡಲು ಹೋದರೆ ಗದ್ದಲದ ಹಿಂದೆ ವಸ್ತಾದರು ಒಬ್ಬರೇ ನಿಂತಿದ್ದರು. ಇನಾಸನ ಕುಸ್ತಿ ಎಲ್ಲಿ ಇದ್ದರೂ ಹೀಗೆ ಬಂದು ಹೋಗುತ್ತಾರೆಂದು ಆಮೇಲೆ ತಿಳಿಯಿತು. ಅಂದು ಇನಾಸ ಮಿರಜದ ಪೈಲವಾನನೊಬ್ಬನನ್ನು ಸೊಂಟದ ಮೇಲೆ ಹೊತ್ತು, ಅರ್ಧ ತಿರುಗಿ ಒಗೆದ. ಜನ ಹೋ ಎಂದರು. ಪಕ್ಕದಲ್ಲಿದ್ದ ಮುದುಕನೊಬ್ಬ ವಸ್ತಾದರ ತೋಳು ಹಿಡಿದು ಅಲುಗಾಡಿಸಿ, "ನೋಡಿದ್ರೇನ್ರಿ, ಎಂಥಾ ಪಟ್ಟು! ಯಾವ ಪುಣ್ಯಾತ್ಮ ಕಲಿಸ್ಯಾನೋ ಏನೋ!" ಎಂದ.

"ಗೊತ್ತಿಲ್ಲರೀ ನನಗ" ಎಂದರು ವಸ್ತಾದರು.