ದಿನಕ್ಕೊಂದು ವಾಕ್ಯ

ಆ ಗುರುವಾರವೂ ಎಂದಿನಂತೆ ಹಾಲು ಕಾಯಿಸಿ, ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿ, ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಅವರು ಅಜ್ಜಂಪುರದ ಬಸ್ಸು ಹಿಡಿಯಲು ಹೊರಟ ಮೇಲೆ ಬೆರಳಿಗಂಟಿದ ಪುಡಿ ಒರೆಸಿಕೊಂಡು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂತೆ. ಅಕ್ಕಿ ಡಬ್ಬದ ಮೇಲೆ ನಿಘಂಟು, ನಿಘಂಟಿಗೆ ಒರಗಿಸಿದ ಫೋನು. ಅಷ್ಟಾದರೆ ನನ್ನ ತರಗತಿ ಸಿದ್ಧ.

ನಾನು ಶಾಲೆಯ ಟೀಚರ್ ಅಲ್ಲ. ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಕಡೂರಿಗೆ ಬಂದವಳು. ಕೊರೊನಾ ಕಾಲದಲ್ಲಿ ನೆಂಟರ ಮಕ್ಕಳಿಗೆಂದು ಶುರು ಮಾಡಿದ ಇಂಗ್ಲಿಷ್ ಕ್ಲಾಸು ಆಮೇಲೂ ನಿಲ್ಲಲಿಲ್ಲ. ಸಿಂಗಟಗೆರೆ, ಪಂಚನಹಳ್ಳಿ ಕಡೆಯ ಹತ್ತನೇ ಕ್ಲಾಸಿನ ಮಕ್ಕಳು ಸ್ಕೂಲಿಗೆ ಹೊರಡುವ ಮುಂಚೆ ಮನೆಯವರ ಫೋನಿನಲ್ಲಿ ಸೇರಿಕೊಳ್ಳುತ್ತಿದ್ದರು.

ನನ್ನದು ಒಂದೇ ಪದ್ಧತಿ. ಎದ್ದಾಗಿನಿಂದ ಮನೆಯಲ್ಲಿ ಕಂಡದ್ದರ ಬಗ್ಗೆ ಪ್ರತಿಯೊಬ್ಬರೂ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಬೇಕು. ಶಾಲೆಯಲ್ಲಾದರೆ ಟೀಚರಿಗೆ ಕಾಣುವುದು ಯೂನಿಫಾರ್ಮು ಮಾತ್ರ. ಇಲ್ಲಿ ಮಗುವಿನ ಹಿಂದಿನ ಗೋಡೆ, ಹಗ್ಗದ ಮೇಲಿನ ಬಟ್ಟೆ, ಅಜ್ಜಿಯ ಕೆಮ್ಮು ಎಲ್ಲವೂ ಪಾಠದೊಳಗೆ ಬರುತ್ತವೆ. ಇದನ್ನೇ ನನ್ನ ಬ್ಲಾಗಿನಲ್ಲಿ ಬರೆಯುತ್ತಿದ್ದೆ, ಮಕ್ಕಳ ಹೆಸರು ಬಿಟ್ಟು ಅವರ ವಾಕ್ಯಗಳನ್ನೂ ಹಾಕುತ್ತಿದ್ದೆ. ಎಲ್ಲೆಲ್ಲಿಯೋ ಇರುವ ಮೇಷ್ಟರು, ಮೇಡಂಗಳು ಓದಿ, ನಾವೂ ಮಾಡಿ ನೋಡಿದೆವು ಎಂದು ಬರೆಯುತ್ತಿದ್ದರು. ಒಗ್ಗರಣೆ ಹಾಕುತ್ತಲೇ ಅವನ್ನು ಓದಿ ಖುಷಿಪಡುತ್ತಿದ್ದೆ.

ಎಲ್ಲರೂ ಮೆಚ್ಚುತ್ತಿದ್ದದ್ದು ಸಿಂಗಟಗೆರೆ ಕಡೆಯ ಒಬ್ಬ ಹುಡುಗಿಯ ವಾಕ್ಯಗಳನ್ನು. ಅವಳಿಗಿನ್ನೂ ಹದಿನಾರು ತುಂಬಿರಲಿಲ್ಲ. ನರ್ಸ್ ಆಗಬೇಕು ಎನ್ನುತ್ತಿದ್ದಳು. ‘ನಮ್ಮ ಮನೆಗೆ ಸುಣ್ಣ ಬಳಿಯುತ್ತಿದ್ದಾರೆ.’ ‘ಚಿಕ್ಕಮ್ಮ ಟೇಪು ಹಿಡಿದು ನನ್ನ ಅಳತೆ ತೆಗೆದುಕೊಂಡರು.’ ‘ಅಪ್ಪ ಹೊಸ ಟ್ರಂಕು ತಂದಿದ್ದಾರೆ, ಅದರೊಳಗೆ ಬಣ್ಣದ ವಾಸನೆ.’ ವಾಸನೆಯನ್ನೂ ಹೇಳಿದಳಲ್ಲ ಎಂದು ನಾನು ಅಂದು ಹಿಗ್ಗಿದ್ದೆ.

ಆ ಬೆಳಗ್ಗೆ ಅವಳ ಸರದಿ ಬಂದಾಗ ಕ್ಯಾಮೆರಾ ಬರೀ ಸೂರು ತೋರಿಸುತ್ತಿತ್ತು. ಮುಖ ತೋರಿಸಮ್ಮ ಎಂದೆ. ಫೋನು ಎತ್ತಿಕೊಂಡಾಗ ಕೈಯಿಂದ ಗಲಗಲ ಸದ್ದು ಬಂತು.

“ಮೈ ಹ್ಯಾಂಡ್ಸ್ ಆರ್ ಫುಲ್ ಆಫ್ ಗ್ರೀನ್ ಬ್ಯಾಂಗಲ್ಸ್, ಮಿಸ್.”

ವೆರಿ ಗುಡ್ ಅನ್ನುವ ಮಾತು ನನ್ನ ಬಾಯಿಂದ ಆಗಲೇ ಹೊರಟುಬಿಟ್ಟಿತ್ತು. ಅಷ್ಟರಲ್ಲಿ ಅದೇ ಊರಿನ ಇನ್ನೊಬ್ಬ ಹುಡುಗಿ ಕಿಸಕ್ಕನೆ ನಕ್ಕಳು. “ಮಿಸ್, ನಿನ್ನೆ ಅವ್ಳಿಗೆ ಬಳೆ ಇಡ್ಸಿದ್ರು ಮಿಸ್! ಭಾನುವಾರ ಮದ್ವೆ!”

“ಲೇ, ಬಾಯ್ಮುಚ್ಚೇ! ನಿಂಗ್ಯಾಕೆ?” ಎಂದಳು ಇವಳು. ಹಿಂದಿನಿಂದ ಯಾವುದೋ ಹೆಂಗಸಿನ ಕೈ ಬಂತು. ಅವಳಿದ್ದ ಚೌಕ ಕಪ್ಪಾಯಿತು, ಆಮೇಲೆ ಪರದೆಯಿಂದಲೇ ಹೋಯಿತು.

ಉಳಿದವರಿಗೆ ಏನು ಪಾಠ ಮಾಡಿದೆನೋ ನೆನಪಿಲ್ಲ. ಸುಣ್ಣ, ಅಳತೆ, ಟ್ರಂಕು, ಬಳೆ. ಅವಳು ದಿನಕ್ಕೊಂದರಂತೆ ಹೇಳುತ್ತಲೇ ಬಂದಿದ್ದಳು. ನಾನು ತಿದ್ದಿ, ಹೊಗಳಿ, ಬ್ಲಾಗಿಗೆ ಹಾಕುತ್ತಾ ಬಂದಿದ್ದೆ.

ಯಜಮಾನರಿಗೆ ಫೋನ್ ಮಾಡಿದೆ. ಬಸ್ಸಿನ ಗದ್ದಲದಲ್ಲೇ ಹೇಳಿದರು: “ಮಕ್ಕಳ ಸಹಾಯವಾಣಿಗೆ ಹೇಳು. ಆದ್ರೆ ಮೊದ್ಲು ಅವ್ರ ಮನೆಯವ್ರನ್ನ ಒಂದ್ಮಾತು ಕೇಳು. ಏಕಾಏಕಿ ಕಂಪ್ಲೇಂಟ್ ಕೊಟ್ರೆ ಚೆನ್ನಾಗಿರಲ್ಲ.”

ನನಗೂ ಅದೇ ಸರಿ ಅನ್ನಿಸಿತು. ನಮ್ಮ ಕಡೆ ಹಾಗೇ. ಹಸು ಬೇಲಿ ಹಾರಿ ಮೇಯ್ದರೂ, ಹುಡುಗರು ಜಗಳವಾಡಿದರೂ, ಮೊದಲು ಆ ಮನೆಯ ಜಗಲಿಗೆ ಹೋಗಿ ಮಾತಾಡಬೇಕು. ಕಚೇರಿ, ಸ್ಟೇಷನ್ನು ಆಮೇಲೆ. ಸೆರಗು ಸರಿಮಾಡಿಕೊಂಡೆ, ಫೋನಿನಲ್ಲಿ ಕಾಣದಿದ್ದರೂ. ಹುಡುಗಿಯ ತಂದೆಯ ನಂಬರು ಒತ್ತಿದೆ.

ಅವರ ದನಿ ತುಂಬಾ ಮೃದುವಾಗಿತ್ತು. “ನಮಸ್ಕಾರ ಮೇಡಂ, ತಿಂಡಿ ಆಯ್ತಾ?”

ಆಯಿತು ಎಂದು, ಬಳೆಯ ಮಾತೆತ್ತಿದೆ.

“ಅಯ್ಯೋ, ಮನೇಲಿ ಪೂಜೆ ಕಣ್ರೀ, ಅದಕ್ಕೆ ಬಳೆ ಇಡ್ಸಿದ್ವಿ. ಆ ಹುಡ್ಗಿ ತಮಾಷೆ ಮಾಡ್ತಾಳೆ. ಮಗಳನ್ನ ಓದಿಸ್ದೆ ಬಿಡ್ತೀವಾ?”

“ಪರೀಕ್ಷೆ ಹತ್ತಿರ ಬಂತು. ಅವಳು ಚೆನ್ನಾಗಿ ಓದ್ತಾಳೆ.”

“ಬರೀತಾಳೆ, ಬರೀತಾಳೆ.” ಅತ್ತ ಯಾರೋ ಗೂಟ ಬಡಿಯುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. “ಮೇಡಂ, ಇದನ್ನ ಬೇರೆ ಯಾರ್ಗಾದ್ರೂ ಹೇಳಿದ್ದೀರಾ?”

“ಇಲ್ಲ, ಮೊದಲು ನಿಮಗೇ.”

“ಒಳ್ಳೇದಾಯ್ತು ಬಿಡಿ.”

ಬಡಿಯುವ ಸದ್ದು ನಿಂತಿತು. ಅವರು ಫೋನಿಟ್ಟ ಸ್ವಲ್ಪ ಹೊತ್ತಿಗೆ ನಮ್ಮ ಕ್ಲಾಸಿನ ವಾಟ್ಸಾಪ್ ಗುಂಪಿನಿಂದ ಅವರ ನಂಬರು ಹೊರಬಿತ್ತು. ಮತ್ತೆ ಕರೆ ಮಾಡಿದರೆ ಸ್ವಿಚ್ ಆಫ್.

ತಕ್ಷಣ ಸಹಾಯವಾಣಿಗೆ ಮಾಡಿದೆ. ಅತ್ತಲಿನ ಹೆಣ್ಣುಮಗಳು ತಾಳ್ಮೆಯಿಂದ ಕೇಳಿದಳು. ಊರು, ಮನೆಯ ಗುರುತು, ಮದುವೆಯ ದಿನ. ಭಾನುವಾರ ಎಂದೆ. “ನಾಳೆ ಬೆಳಗ್ಗೇನೇ ನಮ್ಮವರು ಆ ಊರಿಗೆ ಹೋಗ್ತಾರೆ ಮೇಡಂ. ಧೈರ್ಯವಾಗಿರಿ. ಬೇರೆ ಏನಾದ್ರೂ ಗೊತ್ತಾದ್ರೆ ತಕ್ಷಣ ಹೇಳಿ.”

ಮಧ್ಯಾಹ್ನ ಊಟ ಸೇರಲಿಲ್ಲ. ಬ್ಲಾಗು ತೆರೆದು ಅವಳ ವಾಕ್ಯಗಳನ್ನು ಮತ್ತೆ ಓದಿದೆ. ಟ್ರಂಕಿನ ಮಾತಿನ ಕೆಳಗೆ ಯಾರೋ ಬರೆದಿದ್ದರು, ‘ಎಂಥ ಸಡಗರದ ಮನೆ!’ ಅದಕ್ಕೆ ನಾನು ನಗುಮುಖದ ಚಿತ್ರ ಹಾಕಿದ್ದೆ. ಅಳಿಸಲು ಬೆರಳು ಇಟ್ಟೆ, ಆದರೆ ಅಳಿಸಲಿಲ್ಲ. ನಾಳೆ ಹೋಗುವವರು ಸಾಕ್ಷಿ ಕೇಳಿದರೆ ಅವಳ ಮಾತೆಂದು ತೋರಿಸಲು ಇದ್ದದ್ದು ಇಷ್ಟೇ. ಹಿತ್ತಲಲ್ಲಿ ಒಗೆದ ಬಟ್ಟೆ ಗಾಳಿಯಿಲ್ಲದೆ ನೇತಾಡುತ್ತಿತ್ತು. ಫೋನು ಸದ್ದು ಮಾಡಿದಾಗಲೆಲ್ಲ ಓಡಿ ಹೋಗಿ ನೋಡಿದೆ. ಗ್ಯಾಸಿನ ಮೆಸೇಜು, ಯಾರದೋ ಹುಟ್ಟುಹಬ್ಬದ ಹಾರೈಕೆ. ಅವಳದ್ದಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ಕರೆದರು. ಮದುವೆ ಮನೆಗಳಿಗೆ ಒಬ್ಬಟ್ಟು ಮಾಡಿಕೊಡುವುದು ಆಕೆಯ ಕೆಲಸ. ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡಿತ್ತು. ಆಕೆಯ ಲೆಕ್ಕದಲ್ಲಿ ಟೀಚರ್ ಎಂದರೆ ಬ್ಯಾಗು ಹಿಡಿದು ಸ್ಕೂಲಿಗೆ ಹೋಗುವವರು; ನಾನು ಬೆಳಗ್ಗೆ ಫೋನಿನಲ್ಲಿ ಮಾತಾಡುವವಳು, ಅಷ್ಟೇ.

“ಏನ್ರೀ, ಇಷ್ಟೊತ್ನಲ್ಲಿ ಹಿಟ್ಟು ಕಲಸ್ತಿದ್ದೀರಾ?” ಎಂದೆ.

“ಏನ್ ಹೇಳ್ಲಿ ಕಣ್ರೀ, ಸಿಂಗಟಗೆರೆ ಕಡೆಯೋರು ಭಾನುವಾರಕ್ಕೆ ಅಂತ ಹೇಳಿದ್ರು. ಮಧ್ಯಾಹ್ನ ಫೋನ್ ಮಾಡಿ, ನಾಳೆ ಬೆಳಗಿನ ಜಾವಕ್ಕೇ ಬೇಕು, ಊರಿಗೆ ತರ್ಬೇಡಿ, ತರೀಕೆರೆ ಹತ್ರ ಗಂಡಿನ ಕಡೆಯವ್ರ ಮನೆಗೇ ಕಳ್ಸಿ ಅಂತಾರೆ. ಯಾವ್ದೋ ಟೀಚರಮ್ಮ ಫೋನ್ ಮಾಡಿ ವಿಚಾರಿಸಿದ್ರಂತೆ, ಅದಕ್ಕೇ ಅವಸರ. ನಮಗ್ಯಾಕೆ ಬಿಡಿ. ನಿಮ್ಮನೆ ದೊಡ್ಡ ಸ್ಟೀಲ್ ಡಬ್ಬ ಖಾಲಿ ಇದ್ರೆ ಕೊಡ್ರೀ, ಒಬ್ಬಟ್ಟು ಜೋಡಿಸೋಕೆ.”